ಕಾಲು ಹಿಡಿಯದ ಹಾಡು

ಕುಮುದವಲ್ಲಿ ಹಾಡಲು ನಿಂತರೆ ನಮ್ಮೂರ ಪುರಭವನದಲ್ಲಿ ಒಂದು ಕಾಲೂ ಅಲುಗುತ್ತಿರಲಿಲ್ಲ. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ನಮ್ಮೂರಲ್ಲಿ ಯಾರು ಬಾಯಿಬಿಟ್ಟು ಹಾಡಿದರೂ ಹಾಗೆಯೇ. ಹಾಡು ಕಿವಿಗೆ ಬಿದ್ದವರ ಪಾದ ಆ ಹಾಡು ಮುಗಿಯುವ ತನಕ ನೆಲ ಬಿಟ್ಟು ಏಳುವುದಿಲ್ಲ. ಹಾಡುವವರ ಪಾದವೂ ಅಷ್ಟೆ. ಶ್ರುತಿ ಸೇರಬೇಕು, ತಾಳ ಕೂಡಬೇಕು ಎಂಬ ಕಟ್ಟುಪಾಡೇನೂ ಇಲ್ಲ. ಕತ್ತೆಯ ಗಂಟಲಿಗೂ ಕೋಗಿಲೆಯ ಗಂಟಲಿಗೂ ಒಂದೇ ಮರ್ಯಾದೆ. ರೇಡಿಯೊ, ಕ್ಯಾಸೆಟ್ಟುಗಳಿಗೆ ಮಾತ್ರ ಈ ಶಕ್ತಿಯಿಲ್ಲ. ಎದುರಿಗೆ ಉಸಿರಾಡುವ ಮನುಷ್ಯರೇ ಹಾಡಬೇಕು.

ಹೀಗಾಗಿ ನಮ್ಮ ಬಸ್ಸುಗಳಲ್ಲಿ ಡ್ರೈವರನ ತಲೆಯ ಮೇಲೆ ‘ಹಾಡಬಾರದು’ ಎಂದು ಬರೆದಿರುತ್ತದೆ. ಬ್ರೇಕು ತುಳಿಯಬೇಕಾದ ಕಾಲು ಇನ್ನೆಲ್ಲೋ ಅಂಟಿಕೊಂಡರೆ ಗತಿಯೇನು? ನಮ್ಮ ಜೋಗುಳಗಳಿಗೆ ಎರಡೇ ಸಾಲು, ಏಕೆಂದರೆ ಒಲೆಯ ಮೇಲೆ ಅನ್ನ ಇರುತ್ತದೆ. ಮದುವೆಯಲ್ಲಿ ಮದುಮಗನನ್ನು ಹೊಸಿಲಲ್ಲಿ ನಿಲ್ಲಿಸಿಕೊಂಡು ಹೆಂಗಸರು ಹಾಡು ಶುರುಮಾಡಿದರೆ, ಅವನು ಹೆಂಡತಿಯ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗುವ ತನಕ ಸಾಲಿಗೆ ಸಾಲು ಸೇರಿಸುತ್ತಲೇ ಹೋಗುತ್ತಾರೆ. ನನ್ನ ಸೋದರತ್ತೆಯ ಮನೆಗೊಮ್ಮೆ ಹಾಡುಹಗಲೇ ಕಳ್ಳ ನುಗ್ಗಿದ್ದ. ಅತ್ತೆ ಧೈರ್ಯಗೆಡದೆ ದೇವರನಾಮ ಎತ್ತಿಕೊಂಡಳು. ಕಳ್ಳ ಅಡುಗೆಮನೆಯ ಬಾಗಿಲಲ್ಲೇ ಗಟ್ಟಿಯಾಗಿ ನಿಂತ. ಆದರೆ ಸುದ್ದಿ ತಿಳಿದು ಬಂದ ಪೊಲೀಸರೂ ಗೇಟಿನ ಹತ್ತಿರವೇ ಅಂಟಿಕೊಂಡರು. ಅತ್ತೆಗೆ ಸುಸ್ತಾಗಿ ಹಾಡು ನಿಂತ ಕೂಡಲೇ ಎಲ್ಲರೂ ಒಟ್ಟಿಗೇ ಓಡಿದರು. ಕಳ್ಳ ಸಿಗಲಿಲ್ಲ.

ಇಂಥ ಊರಿನಲ್ಲಿ ನಾವು ನಾಲ್ವರು ಪಾಪ್ ಹಾಡುಗಳ ತಂಡ ಕಟ್ಟಿದ್ದೆವು. ಹೆಸರು ನೀಲಿಜಿಂಕೆ. ಎಲಿಯಾಸ್ ಗಿಟಾರು, ದಸ್ತಗೀರ್ ಡ್ರಮ್ಮು, ನಾನು ತಿರುಮಲ, ಎಲೆಕ್ಟ್ರಿಕ್ ಆರ್ಗನ್ನು. ನಡುವೆ ಹಾಡುತ್ತಿದ್ದವಳು ಕುಮುದವಲ್ಲಿ. ನಮ್ಮ ಹಾಡುಗಳೆಲ್ಲ ಕುಣಿಯುವ ಹಾಡುಗಳೇ. ಎಲಿಯಾಸನೇ ಕಟ್ಟುತ್ತಿದ್ದ. ಕೇಳಿದರೆ ಮೂಳೆಯೊಳಗೆ ತುರಿಕೆ ಹತ್ತಬೇಕು, ಹಾಗಿರುತ್ತಿದ್ದವು. ಆದರೆ ಕುಣಿತ ಎಂಬುದು ನಮ್ಮೂರಲ್ಲಿ ಸೊಂಟದಿಂದ ಮೇಲಿನ ವಿಷಯ. ಸಾವಿರ ಜನ ಕುರ್ಚಿಗಳಲ್ಲಿ ಪಾದ ಊರಿಕೊಂಡು, ಗಾಳಿಗೆ ಸಿಕ್ಕ ಜೋಳದ ಹೊಲದ ಹಾಗೆ ತೂಗುತ್ತಿದ್ದರು. ದಸ್ತಗೀರನ ದೊಡ್ಡ ಡ್ರಮ್ಮಿನ ಪೆಡಲು ತುಕ್ಕು ಹಿಡಿದುಹೋಗಿತ್ತು. ಹಾಡು ಶುರುವಾದ ಮೇಲೆ ಅದನ್ನು ತುಳಿಯಲು ಕಾಲೆಲ್ಲಿ ಏಳಬೇಕು? ಕುಮುದವಲ್ಲಿಯೂ ನಿಂತಲ್ಲೇ ನಿಂತು, ಭುಜದಿಂದ, ಕೈಯಿಂದ, ಕತ್ತಿನಿಂದ ಇಡೀ ಹಾಡನ್ನು ಕುಣಿಸುತ್ತಿದ್ದಳು. ಅವಳ ಆ ಕೈಗಳನ್ನು ನೋಡಿಯೇ ಊರಿನ ಅರ್ಧಕ್ಕರ್ಧ ಗಂಡಸರು ಹರೆಯದಲ್ಲಿ ಊಟ ಬಿಟ್ಟಿದ್ದರು. ನಾನೂ ಸ್ವಲ್ಪ ಕಾಲ ಬಿಟ್ಟಿದ್ದೆ. ಅವಳು ಒಂದು ದಿನ, “ಯಾಕೋ ಬಡವಾಗಿದ್ದೀಯಾ, ಸರಿಯಾಗಿ ತಿನ್ನೋ,” ಎಂದು ಗದರಿದ ಮೇಲೆ ತಿನ್ನತೊಡಗಿದೆ. ಅಲ್ಲಿಂದ ಈಚೆಗೆ ನಾವು ಸ್ನೇಹಿತರು.

ನಮಗೆ ವಯಸ್ಸಾಯಿತು. ಎಲಿಯಾಸ್ ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡ. ಗಿಟಾರಿಲ್ಲದೆ ಹಾಡುವುದಿಲ್ಲ ಎಂದು ಕುಮುದವಲ್ಲಿ ಮೈಕು ಬಿಟ್ಟಳು. ದಸ್ತಗೀರ್ ಮಗಳ ಬೇಕರಿಯಲ್ಲಿ ಕೂರುತ್ತಿದ್ದ, ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೆ. ನೀಲಿಜಿಂಕೆ ಮುಗಿಯಿತೆಂದು ಎಲ್ಲರೂ ಒಪ್ಪಿಕೊಂಡಿದ್ದ ಹೊತ್ತಿಗೆ ನದಿಯಾಚೆಯ ನಗರದಿಂದ ಸಂಹಿತಾ ಎಂಬ ಹುಡುಗಿ ಒಂದು ವ್ಯಾನು ತುಂಬ ಕ್ಯಾಮೆರಾಗಳನ್ನು ಹೇರಿಕೊಂಡು ಬಂದಳು. ವಯಸ್ಸಾದ ಹಾಡುಗಾರರನ್ನು ಕಂಪ್ಯೂಟರಿನಲ್ಲಿ ಮತ್ತೆ ಹರೆಯದವರನ್ನಾಗಿ ಮಾಡಿ, ಬೆಳಕಿನಲ್ಲಿ ವೇದಿಕೆಯ ಮೇಲೆ ನಿಲ್ಲಿಸುವುದು ಅವಳ ತಂಡದ ಕಸುಬು. ಬೇರೆ ಊರುಗಳಲ್ಲಿ ಇಂಥ ಕಛೇರಿಗಳಿಗೆ ಜನ ಮುಗಿಬೀಳುತ್ತಿದ್ದಾರೆ ಎಂದು ಹೇಳಿ, ನಮ್ಮ ಹಳೆಯ ಕ್ಯಾಸೆಟ್ಟುಗಳನ್ನು ಚೀಲದಿಂದ ತೆಗೆದು ಕುಮುದವಲ್ಲಿಯ ಮನೆಯ ಟೀಪಾಯಿಯ ಮೇಲೆ, ನಮ್ಮ ಮೂವರೆದುರು ಜೋಡಿಸಿದಳು. ಅವಳ ತಾಯಿ ಕೇಳಿ ಕೇಳಿ ಸವೆಸಿದ ಕ್ಯಾಸೆಟ್ಟುಗಳಂತೆ.

“ಎಲಿಯಾಸ್ ಸರ್ ಕೂಡ ಇರ್ತಾರೆ. ಹಳೇ ವಿಡಿಯೋ, ಫೋಟೋ ಎಲ್ಲ ಸೇರಿಸಿ ಮಾಡ್ತೀವಿ. ನೀವು ಮೂರೂ ಜನ ನಮ್ಮ ಕ್ಯಾಮೆರಾ ಮುಂದೆ ನಿಮ್ಮ ಹಾಡುಗಳಿಗೆ ಅಭಿನಯ ಮಾಡ್ಬೇಕು, ಅಷ್ಟೇ,” ಎಂದಳು.

ಎಲಿಯಾಸನ ಹೆಸರು ಕೇಳಿ ಕುಮುದವಲ್ಲಿ ಒಂದು ಕ್ಯಾಸೆಟ್ಟನ್ನು ಎತ್ತಿಕೊಂಡು ಅದರ ಧೂಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಆ ಬೆಳಕಿನ ಹುಡುಗಿ ಹಾಡಿದ್ರೆ ಜನರ ಕಾಲು ಹಿಡಿಯುತ್ತಾ?”

ಸಂಹಿತಾ ಹೊರಗಿನವಳು. ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕುರುಡ ಹಾಡಿದ್ದಕ್ಕೆ ಅವಳ ಕಾಲೂ ಅಂಟಿಕೊಂಡು, ಹೆದರಿ ಕಿರುಚಿದ್ದಳಂತೆ. “ಇಲ್ಲಮ್ಮ, ಅದು ರೆಕಾರ್ಡಿಂಗ್ ತಾನೆ? ಯಾರು ಬೇಕಾದ್ರೂ ಎದ್ದು ಓಡಾಡಬಹುದು,” ಎಂದಳು, ಒಳ್ಳೆಯ ಸುದ್ದಿ ಹೇಳುವವಳ ಹಾಗೆ.

ಕುಮುದವಲ್ಲಿಯ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ಯಾಕೆಂದು ಆಗ ತಿಳಿಯಲಿಲ್ಲ. ಆದರೂ ಅವಳು ಒಪ್ಪಿಕೊಂಡಳು.

ಹಳೆಯ ಅಕ್ಕಿ ಗಿರಣಿಯೊಂದನ್ನು ಗುಡಿಸಿ ಸಾರಿಸಿ ಕ್ಯಾಮೆರಾಗಳನ್ನು ನಿಲ್ಲಿಸಿದ್ದರು. ನಮಗೆಲ್ಲ ಮೈಗಂಟುವ ಕಪ್ಪು ಉಡುಪು, ಅದರ ತುಂಬ ಬಿಳಿ ಗುಂಡಿಗಳು, ಮೈಯ ಚಲನೆಯನ್ನು ಕ್ಯಾಮೆರಾ ಗುರುತು ಹಿಡಿಯಲಿಕ್ಕಂತೆ. ಎಪ್ಪತ್ತು ದಾಟಿದ ನಮ್ಮ ಹೊಟ್ಟೆಗಳು ಆ ಉಡುಪಿನಲ್ಲಿ ಹೇಗೆ ಕಾಣುತ್ತಿದ್ದವೆಂದು ಹೇಳದಿರುವುದೇ ಲೇಸು. ದಸ್ತಗೀರ್ ನನ್ನನ್ನು ನೋಡಿ, “ಹೆಸರುಕಾಳು ಮೆತ್ತಿದ ಆಲೂಗೆಡ್ಡೆ,” ಎಂದ. ಅವನೇನು ಕಡಿಮೆಯಿರಲಿಲ್ಲ. ಆದರೆ ಹಾಡಿನ ರೆಕಾರ್ಡು ಹಾಕಿ, ಅವನ ಮುಂದೆ ಹೊಸ ಪೆಡಲು ಇಟ್ಟಾಗ ಅವನ ತಮಾಷೆ ನಿಂತಿತು. ಕುಮುದವಲ್ಲಿಯ ದನಿ ಸ್ಪೀಕರಿನಲ್ಲಿ ಏರುತ್ತಿರುವಾಗಲೇ ಅವನ ಕಾಲು ಮೇಲೆದ್ದು ಪೆಡಲಿನ ಮೇಲೆ ಬಿತ್ತು. ‘ಧಮ್’ ಎಂಬ ಸದ್ದು ಗಿರಣಿಯ ತಗಡುಗಳನ್ನೆಲ್ಲ ನಡುಗಿಸಿತು. ಅವನು ಎರಡನೆಯ ಸಲ ತುಳಿಯದೆ ಹಾಗೇ ಕೂತ. ಕಣ್ಣು ಒರೆಸಿಕೊಂಡು, “ಹಾಡಿಗೆ ತಳಪಾಯಾನೇ ಇಲ್ದೆ ಮನೆ ಕಟ್ಟಿದ್ವಲ್ಲೋ ಇಷ್ಟು ವರ್ಷ,” ಎಂದ.

ಕುಮುದವಲ್ಲಿಯ ಸರದಿ ಬಂದಾಗ ಸಂಹಿತಾ, “ಆಗಿನ ಕಾಲದಲ್ಲಿ ಹೇಗೆ ಕುಣೀತಿದ್ರೋ ಹಾಗೇ ಮಾಡಿ,” ಎಂದಳು.

“ಕುಣಿದೇ ಇಲ್ವಲ್ಲಮ್ಮ.”

ಸಂಹಿತಾ ಪೆಚ್ಚಾದಳು. ಸ್ವಲ್ಪ ಯೋಚಿಸಿ, ನಗರದಿಂದ ಒಬ್ಬ ನೃತ್ಯಗಾತಿಯನ್ನು ಕರೆಸುತ್ತೇವೆ, ಕಾಲುಗಳ ಚಲನೆಯನ್ನು ಅವಳಿಂದ ತೆಗೆದುಕೊಂಡು ನಿಮ್ಮ ಮೈಗೆ ಸೇರಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದಳು. ಮೊಣಕಾಲು ನೋವಿನ ಹೆಂಗಸಿಗೆ ಅದು ಮರ್ಯಾದೆಯ ದಾರಿಯೇ ಆಗಿತ್ತು.

“ನನ್ನ ಹಾಡಿಗೆ ಬೇರೆಯವರ ಕಾಲು ಬೇಡ,” ಎಂದಳು ಕುಮುದವಲ್ಲಿ. “ಹಾಡು ಹಾಕು. ನಾನೇ ನೋಡ್ತೀನಿ.”

ಅವಳು ಮೊದಲು ಮಾಡಿದ್ದು ಕುಣಿತವೇ ಅಲ್ಲ. ಸುಮ್ಮನೆ ನಡೆದಳು. ತನ್ನದೇ ಹಾಡು ಕೇಳುತ್ತಿರುವಾಗ, ಆ ಮೂಲೆಯಿಂದ ಈ ಮೂಲೆಗೆ, ತೊರೆ ದಾಟುವವಳ ಹಾಗೆ ಕಾಲಿನಿಂದ ನೆಲವನ್ನು ತಡವುತ್ತ ನಡೆದಳು. ಮನೆಯಲ್ಲಿ ಎಂದೂ ತನ್ನ ಕ್ಯಾಸೆಟ್ಟನ್ನು ತಾನು ಹಾಕಿಕೊಂಡವಳಲ್ಲ ಅವಳು, ನಾಚಿಕೆ. ಎರಡನೆಯ ಸಲಕ್ಕೆ ಹೆಜ್ಜೆಗಳು ತಾಳಕ್ಕೆ ಬಂದವು. ಮೂರನೆಯ ಸಲಕ್ಕೆ ಒಂದು ಪಕ್ಕಹೆಜ್ಜೆ, ಒಂದು ಸಣ್ಣ ಸುತ್ತು. ಆಮೇಲೆ ಅವಳ ಕೈಗಳು, ಊರೆಲ್ಲ ಕಂಡಿದ್ದ ಆ ಕೈಗಳು, ಇಳಿದು ಬಂದು ಕಾಲುಗಳನ್ನು ಸೇರಿದವು. ದೊಡ್ಡ ನೃತ್ಯವೇನಲ್ಲ. ಮೊಣಕಾಲು ಒಪ್ಪಿದಷ್ಟೇ. ಆದರೆ ನಾನು ಬೇಕಾದಷ್ಟು ನೃತ್ಯ ಕಂಡವನು, ಟಿವಿಯಲ್ಲಿ. ಅಷ್ಟು ಕಡಿಮೆ ಹೆಜ್ಜೆಗಳಲ್ಲಿ ಅಷ್ಟೊಂದು ಹೇಳಿದವರನ್ನು ಕಂಡಿಲ್ಲ. ಕ್ಯಾಮೆರಾದ ಹುಡುಗರು ಕೆಲಸ ಮರೆತು ನೋಡುತ್ತ ನಿಂತರು. ಅವಳು ಬೆಂಚಿನ ಮೇಲೆ ಕುಸಿದು, ಮೊಣಕಾಲು ನೀವಿಕೊಳ್ಳುತ್ತ, “ಇನ್ನೊಂದ್ಸಲ ಹಾಕ್ರೋ,” ಎಂದಳು. ವಾರವೆಲ್ಲ ಹೀಗೇ ನಡೆಯಿತು.

ಇತ್ತ ಊರಿನಲ್ಲಿ ಗುಸುಗುಸು ಎದ್ದಿತ್ತು. ಪುರಭವನದ ಸಮಿತಿಯ ಅಧ್ಯಕ್ಷ ಪಾಲಾಕ್ಷಪ್ಪನವರು ನನ್ನನ್ನು ದಾರಿಯಲ್ಲೇ ಅಡ್ಡಗಟ್ಟಿದರು. “ಕಾಲು ಹಿಡಿಯದೇ ಇರೋದನ್ನ ಹಾಡು ಅಂತ ಹೇಗ್ರೀ ಕರೆಯೋದು? ನಮ್ಮ ಹಾಲ್ ಕಟ್ಟಿದಾಗಿಂದ ಹಾಡಿನ ಮಧ್ಯೆ ಒಬ್ಬ ಎದ್ದು ಹೋದ ಚರಿತ್ರೆ ಇಲ್ಲ. ನಾಳೆ ಜನ ಸಿನಿಮಾ ಟಾಕೀಸಿನ ಥರ ಬೀಡಿ ಸೇದಕ್ಕೆ ಎದ್ದು ಹೋದ್ರೆ ಹಾಲ್ ಮರ್ಯಾದೆ ಏನಾಗ್ಬೇಕು?”

“ನೀವು ಬಂದು ನೋಡಿ ಸಾರ್,” ಎಂದೆ.

“ಬರ್ತೀನಿ. ಮುಂದಿನ ಸಾಲಲ್ಲೇ ಕೂರ್ತೀನಿ. ಬೇಜಾರಾದ್ರೆ ಎಲ್ಲರೆದುರಿಗೂ ಎದ್ದೇ ಹೋಗ್ತೀನಿ.”

ಕಛೇರಿಯ ದಿನ ಬೆಳಿಗ್ಗೆ ನಾನು ಇಡ್ಲಿಗೆ ಕೈಹಾಕುವಷ್ಟರಲ್ಲಿ ಕುಮುದವಲ್ಲಿ ಬಂದಳು. ಕೂರಲಿಲ್ಲ. “ತಿರುಮಲ, ಈ ಆಟ ನಿಲ್ಲಿಸಿಬಿಡೋಣ ಕಣೋ,” ಎಂದಳು.

“ಈಗಲಾ? ಯಾಕೆ?”

“ಜನ ಎದ್ದು ಹೋದ್ರೆ?”

“ಹೋಗೋರು ಹೋಗ್ಲಿ ಬಿಡು.”

“ನಿನಗೇನೋ? ನೀನು ಆರ್ಗನ್ ಹಿಂದೆ ತಲೆ ತಗ್ಗಿಸ್ಕೊಂಡು ಕೂತಿರ್ತಿದ್ದೆ. ನಾನು ಐವತ್ತು ವರ್ಷ ಅವರ ಮುಖಾನೇ ನೋಡ್ಕೊಂಡು ಹಾಡಿದೀನಿ.” ಅವಳು ಕಿಟಕಿಯ ಕಡೆ ತಿರುಗಿದಳು. “ಒಂದು ದಿನ ಆದ್ರೂ ನನಗೆ ಗೊತ್ತಾಗಿಲ್ಲ ಕಣೋ. ಅವರು ಕೂತಿದ್ದು ನನ್ನ ಹಾಡಿಗಾ, ಇಲ್ಲ ಕಾಲು ಏಳಲಿಲ್ಲ ಅಂತಾನಾ? ಕೈತಟ್ಟುತ್ತಿದ್ರು, ನಿಜ. ಹಾಡು ಮುಗೀತಲ್ಲ, ಕಾಲು ಬಿಡ್ತಲ್ಲ ಅಂತ ತಟ್ಟಿದ್ರೂ ಹಾಗೇ ಕೇಳ್ಸುತ್ತೆ.”

“ಕ್ಯಾಸೆಟ್ ಎಷ್ಟೊಂದು ಜನ ಕೊಂಡ್ರಲ್ಲೇ?”

“ಕ್ಯಾಸೆಟ್ ಹಾಕ್ಕೊಂಡು ಸೊಪ್ಪು ಹೆಚ್ಚುತ್ತಾರೆ, ಪಾತ್ರೆ ತೊಳೀತಾರೆ. ಅದು ಬೇರೆ. ಎದುರಿಗೆ ಬಂದು ಕೂತು, ಎದ್ದು ಹೋಗೋಕೆ ಆಗಿಯೂ ಹೋಗದೇ ಇರೋದು ಬೇರೆ. ಹೊರಊರಿಂದ ಕರೆದಾಗೆಲ್ಲ ಗಂಟಲು ನೋವು ಅಂತಿದ್ದೆನಲ್ಲ? ಒಂದ್ಸಲಾನೂ ನೋವಿರಲಿಲ್ಲ. ಅಲ್ಲಿ ಹಾಡಿಗೆ ಕಾಲು ಹಿಡಿಯಲ್ವಲ್ಲ. ಭಯ.”

ಅಷ್ಟು ದೊಡ್ಡ ಹೆಸರಿನ ಹೆಂಗಸು, ಅವಳ ಚಿತ್ರವಿರುವ ಕ್ಯಾಲೆಂಡರುಗಳನ್ನು ಜನ ವರ್ಷ ಕಳೆದರೂ ಗೋಡೆಯಿಂದ ತೆಗೆಯುತ್ತಿರಲಿಲ್ಲ. ಅವಳು ಇಂಥದೊಂದು ಮುಳ್ಳನ್ನು ಚುಚ್ಚಿಸಿಕೊಂಡೇ ರಾತ್ರಿಗೆ ರಾತ್ರಿ ನಗುತ್ತ ಹಾಡಿದ್ದಳು.

“ನಿಜ ಹೇಳು,” ಎಂದಳು. “ಹೋಗ್ತಿದ್ರಾ?”

ಸುಳ್ಳು ಹೇಳಿ ಸಮಾಧಾನಪಡಿಸುವುದು ಸುಲಭವಿತ್ತು. “ನನಗೂ ಗೊತ್ತಿಲ್ಲ ಕಣೆ,” ಎಂದೆ.

ಅವಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ಕುರ್ಚಿ ಎಳೆದುಕೊಂಡು ಕೂತಳು. ನನ್ನ ತಟ್ಟೆಯಿಂದ ಒಂದು ಇಡ್ಲಿ ಎತ್ತಿ ಚಟ್ನಿಗೆ ಅದ್ದಿದಳು. “ಹಾಗಾದ್ರೆ ನೋಡೇಬಿಡೋಣ,” ಎಂದಳು. “ಆದ್ರೆ ನಾನು ಬಾಗಿಲ ಪಕ್ಕ ಕೂರೋದು. ಹೋಗೋರ ಮುಖ ನೋಡ್ಬೇಕು ನಾನು.”

ಸಂಜೆ ಐದಕ್ಕೆ ಪುರಭವನ ತುಂಬಿತ್ತು. ಕುಮುದವಲ್ಲಿ ತಲೆಯ ಮೇಲೆ ಶಾಲು ಹೊದ್ದು ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಅಂಟಿದ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ನಾನು, ನನ್ನಾಚೆ ದಸ್ತಗೀರ್. ಪರದೆ ಸರಿಯಿತು.

ವೇದಿಕೆಯ ಮೇಲೆ ನಾವು ನಾಲ್ವರೂ ಇದ್ದೆವು. ಇಪ್ಪತ್ತೈದರ ವಯಸ್ಸಿನ ನಾವು. ನನಗೆ ತಲೆತುಂಬ ಕೂದಲು. ಎಲಿಯಾಸ್ ಎಡಭುಜವನ್ನು ಸ್ವಲ್ಪ ಇಳಿಬಿಟ್ಟು, ತಂತಿಯ ಬಿಗಿಯನ್ನು ನೋಡುತ್ತ, ಇನ್ನೇನು ತಲೆಯೆತ್ತಿ “ಶುರುಮಾಡೋಣ್ವಾ?” ಎನ್ನುವ ಹಾಗಿದ್ದ. ಅವನು ಹಾಗೆಯೇ ತಲೆಯೆತ್ತಿದ. ದಸ್ತಗೀರ್ ನನ್ನ ತೋಳನ್ನು ಹಿಡಿದವನು ಮತ್ತೆ ಬಿಡಲಿಲ್ಲ. ಬೆಳಕಿನವನು ಎಂದು ಗೊತ್ತಿದ್ದೂ ನನ್ನ ಎದೆ, “ಬಂದೆಯಾ,” ಎಂದಿತು. ಇದನ್ನು ಮಾಡಿದವರ ಕೈಗೆ ಯಾವ ಕಡಗ ತೊಡಿಸಿದರೂ ಕಡಿಮೆಯೇ ಎಂದುಕೊಂಡೆ.

ಡ್ರಮ್ಮು ಧಮ್ ಎಂದಿತು. ಬೆಳಕಿನ ಕುಮುದವಲ್ಲಿ ಹಾಡತೊಡಗಿದಳು. ಹಾಡುತ್ತಲೇ ನಡೆದಳು. ಸಭೆಯಿಂದ ಒಂದು ದೊಡ್ಡ ಉಸಿರು ಎದ್ದಿತು. ಹಾಡುವವರು ನಡೆಯುವುದನ್ನು ನಮ್ಮೂರಿನವರು ಕಣ್ಣೆದುರಿಗೆ ಕಂಡದ್ದೇ ಇಲ್ಲ. ಆದರೂ ಎಲ್ಲರೂ ಅಭ್ಯಾಸಬಲದಿಂದ ಪಾದ ಊರಿಕೊಂಡು ಕಂಬದಂತೆ ಕೂತಿದ್ದರು. ಕಾಲು ಬಿಡುವಾಗಿದೆ ಎಂಬುದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಎರಡನೆಯ ಹಾಡಿನ ನಡುವೆ ಪಾಲಾಕ್ಷಪ್ಪನವರು ಎದ್ದರು. ಮುಂದಿನ ಸಾಲಿನಲ್ಲಿ ಅಷ್ಟೆತ್ತರದ ಮನುಷ್ಯ ಎದ್ದದ್ದು ಇಡೀ ಸಭೆಗೆ ಕಂಡಿತು. ಅವರು ನಡುದಾರಿಯಲ್ಲಿ ತಮ್ಮ ಪಾದಗಳನ್ನೇ ನೋಡಿಕೊಳ್ಳುತ್ತ, ಒಂದೊಂದೇ ಹೆಜ್ಜೆ ಇಡುತ್ತ, ಬಾಗಿಲ ತನಕ ಬಂದರು, ನಮ್ಮನ್ನು ದಾಟಿ ಹೊರಗೆ ಹೋದರು. ಅಷ್ಟೇ ಸಾಕಾಯಿತು. ಐದಾರು ಜನ ಎದ್ದರು. ಆಮೇಲೆ ಸಾಲಿಗೆ ಸಾಲೇ ಎದ್ದಿತು. ಹೆಂಗಸರು, ಮುದುಕರು, ಮಗುವನ್ನು ಸೊಂಟದಲ್ಲಿಟ್ಟುಕೊಂಡವರು, ಎಲ್ಲರೂ ಬಾಗಿಲಿನ ಕಡೆಗೇ. ಕುಮುದವಲ್ಲಿಯ ಉಗುರುಗಳು ನನ್ನ ಅಂಗೈಯಲ್ಲಿ ಇಳಿದವು. ಅವಳು ಹೇಳಿದ್ದಂತೆಯೇ ಪ್ರತಿಯೊಬ್ಬರ ಮುಖವನ್ನೂ ನೋಡುತ್ತಿದ್ದಳು, ಕಣ್ಣು ತಪ್ಪಿಸಲಿಲ್ಲ. ಅವಳ ಧೈರ್ಯವನ್ನು ನಾನು ಅವತ್ತು ಕಂಡೆ. ನನಗಾಗಿದ್ದರೆ ಶಾಲು ಮುಖಕ್ಕೆ ಎಳೆದುಕೊಳ್ಳುತ್ತಿದ್ದೆ. ಅರ್ಧ ಹಾಲ್ ಖಾಲಿಯಾಯಿತು. ವೇದಿಕೆಯ ಮೇಲೆ ಆ ಹುಡುಗಿ ಏನೂ ಅರಿಯದೆ ನಗುತ್ತ ಸುತ್ತು ಹಾಕುತ್ತಿದ್ದಳು.

“ಸಾಕು,” ಎಂದಳು ಕುಮುದವಲ್ಲಿ, ಬಹಳ ಮೆಲ್ಲಗೆ. “ಗೊತ್ತಾಯ್ತು. ನಡಿ ಹೋಗೋಣ.”

ನಾವು ಏಳುವಷ್ಟರಲ್ಲಿ ಬಾಗಿಲಿಗೆ ಅಡ್ಡವಾಗಿ ಯಾರೋ ಬಂದರು. ಪಾಲಾಕ್ಷಪ್ಪನವರು. ಮುಖ ಬೆವೆತಿತ್ತು, ಕಣ್ಣು ಹೊಳೆಯುತ್ತಿತ್ತು. “ಹೊರಗೆ ಮೆಟ್ಟಿಲ ತನಕ ಹೋಗಿದ್ದೆ ಕಣ್ರೀ! ಹಾಡು ನಡೀತಾನೇ ಇದೆ, ನಾನೂ ನಡೀತಾನೇ ಇದೀನಿ!” ಎಂದು ಯಾರಿಗೋ ಕೂಗಿ ಹೇಳುತ್ತ, ನಮ್ಮನ್ನು ಸರಿಸಿಕೊಂಡು ಒಳಗೆ ಓಡಿದರು. “ಬಿಡ್ರೀ, ದಾರಿ ಬಿಡ್ರೀ, ಚರಣ ಹೋಗ್ತಾ ಇದೆ.” ಅವರ ಹಿಂದೆ ಐದಾರು ಜನ. ಅವರ ಹಿಂದೆ ಸಾಲಿಗೆ ಸಾಲು. ಹೊರಗೆ ಹೋದವರು ಹೋಗಲಿಕ್ಕಾಗುತ್ತದೆಯೇ ಎಂದು ನೋಡಲು ಹೋಗಿದ್ದರು. ಆಗುತ್ತದೆ ಎಂದು ಕಂಡುಕೊಂಡು, ತಳ್ಳಾಡುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ವಾಪಸು ಬರುತ್ತಿದ್ದರು. ಕೆಲವರು ಬೀದಿಯಲ್ಲಿ ಸಿಕ್ಕ ನೆಂಟರನ್ನೂ ಎಳೆದುಕೊಂಡು ಬಂದರು.

ಆಮೇಲೆ ಕುರ್ಚಿಯಲ್ಲಿ ಕೂತವರು ಯಾರೂ ಇಲ್ಲ. ಹೇಗೆ ಕುಣಿಯಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬ ಭತ್ತ ತುಳಿಯುವ ಹಾಗೆ ತುಳಿದ, ಇನ್ನೊಬ್ಬಳು ಸೀರೆಯ ನೆರಿಗೆ ಹಿಡಿದು ಸುಮ್ಮನೆ ಜಿಗಿದಳು. ಗಂಡಹೆಂಡಿರು ಡಿಕ್ಕಿ ಹೊಡೆದು ನಕ್ಕರು. ಪಾಲಾಕ್ಷಪ್ಪನವರು ಹಾಲಿನ ಮರ್ಯಾದೆಯನ್ನು ಹೆಗಲ ಮೇಲಿನ ವಸ್ತ್ರದಂತೆ ಬೀಸಿ ಎಸೆದು, ಎರಡೂ ಕೈ ಮೇಲೆತ್ತಿ ವೇದಿಕೆಯ ಮುಂದೆ ಸುತ್ತುತ್ತಿದ್ದರು. ದಸ್ತಗೀರ್ ನನ್ನನ್ನು ಬಿಟ್ಟು ಎಲಿಯಾಸನನ್ನು ಹತ್ತಿರದಿಂದ ನೋಡಲು ಜನರ ನಡುವೆ ನುಗ್ಗಿಹೋದ.

ಕುಮುದವಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತೇ ಇದ್ದಳು. ಶಾಲು ಜಾರಿ ಬಿದ್ದಿತ್ತು. ಯಾರೂ ಅವಳನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಬೆಳಕಿನ ಹುಡುಗಿಯ ಮೇಲೆ. ಅವಳಿಗೆ ಹೊಟ್ಟೆಕಿಚ್ಚಾಗುತ್ತಿದೆಯೇನೋ ಎಂದು ನಾನು ಓರೆಗಣ್ಣಿನಿಂದ ನೋಡಿದೆ. ಅವಳು ಅಳುತ್ತಿದ್ದಳು, ತುಟಿ ಕಚ್ಚಿಕೊಂಡು ನಗುತ್ತಲೂ ಇದ್ದಳು.

“ವಾಪಸ್ ಬಂದ್ರು ಕಣೋ,” ಎಂದಳು.

“ಹೂಂ. ಬಂದ್ರು.”

“ಬಾಗಿಲು ತೆರೆದೇ ಇತ್ತು.”

“ತೆರೆದೇ ಇದೆ.”

ಅವಳು ಮೂಗು ಒರೆಸಿಕೊಂಡಳು. ಶಾಲನ್ನು ಎತ್ತಿ ಮಡಚಿ ಹೆಗಲಿಗೆ ಹಾಕಿಕೊಂಡಳು. ಒಳಗೆ ನಾಲ್ಕನೆಯದೋ ಐದನೆಯದೋ ಹಾಡು ಶುರುವಾಗುತ್ತಿತ್ತು. “ಹಸಿವಾಗ್ತಿದೆ,” ಎಂದಳು. “ಬೆಳಿಗ್ಗೆ ನಿನ್ನ ಒಂದು ಇಡ್ಲಿ ತಿಂದಿದ್ದಷ್ಟೇ.”

ನಾವು ಮೆಟ್ಟಿಲಿಳಿದೆವು. ಹೊರಗೆ ಇನ್ನೂ ಬೆಳಕಿತ್ತು. ಪುರಭವನದ ಎದುರಿಗೆ ಮಂಡಕ್ಕಿ ಗಾಡಿಯ ಚೆನ್ನವ್ವ ಈರುಳ್ಳಿ ಹೆಚ್ಚುತ್ತ, ಒಳಗಿನಿಂದ ಬರುತ್ತಿದ್ದ ತಾಳಕ್ಕೆ ಹಿಮ್ಮಡಿ ಕುಟ್ಟುತ್ತಿದ್ದಳು. ಕುಮುದವಲ್ಲಿಯನ್ನು ಕಂಡು ಚಾಕು ಹಿಡಿದ ಕೈ ಹಾಗೇ ನಿಂತಿತು.

“ಅಯ್ಯೋ ಅಮ್ಮಾ, ನೀವು ಇಲ್ಲೇ ಇದ್ದೀರಲ್ಲ! ಮತ್ತೆ ಒಳಗೆ ಹಾಡ್ತಿರೋದು ಯಾರು?”

“ನಾನೇ,” ಎಂದಳು ಕುಮುದವಲ್ಲಿ. “ಖಾರ ಸ್ವಲ್ಪ ಮುಂದಾಗಿ ಹಾಕು.”

ಪೊಟ್ಟಣ ಹಿಡಿದು ತಿನ್ನುತ್ತ ನಾವು ಬೀದಿಯುದ್ದಕ್ಕೂ ನಡೆದೆವು. ಹಾಡು ನಮ್ಮ ಹಿಂದೆ ಬರುತ್ತಲೇ ಇತ್ತು. ತಿರುವಿನಲ್ಲಿ ಅವಳು ಒಂದು ಕ್ಷಣ ನಿಂತು, ಬಾಯಲ್ಲಿದ್ದದ್ದನ್ನು ನುಂಗಿ, ಕಿವಿಗೊಟ್ಟು ಕೇಳಿದಳು.

“ಚೆನ್ನಾಗಿ ಹಾಡ್ತಾಳೆ,” ಎಂದು, ಮುಂದೆ ಹೆಜ್ಜೆ ಹಾಕಿದಳು.